ಮಳಖೇಡದಲ್ಲಿ ನಡೆದ ಮದ್ದಿನ ವಾದ

ರೋಗಿಗೆ ಮಾಂಸದ ಸಾರು ಮದ್ದಾಗುತ್ತದೆಯೇ, ಇಲ್ಲವೇ? ಒಂಬತ್ತನೇ ಶತಮಾನದಲ್ಲಿ ಈ ಪ್ರಶ್ನೆ ರಾಷ್ಟ್ರಕೂಟರ ರಾಜಸಭೆಯ ತನಕ ಹೋಗಿತ್ತು. ಸಿಂಹಾಸನದ ಮೇಲೆ ಅಮೋಘವರ್ಷ ನೃಪತುಂಗ, ಎದುರಿಗೆ ವಿದ್ವಾಂಸರು ಮತ್ತು ವೈದ್ಯರು. ವಾದಕ್ಕೆ ನಿಂತವರು ಉಗ್ರಾದಿತ್ಯಾಚಾರ್ಯರೆಂಬ ಜೈನ ಮುನಿ. ಕ್ಷಯದಿಂದ ಸೊರಗಿದವರಿಗೆ, ಬಲ ಕುಂದಿದವರಿಗೆ ಮಾಂಸರಸ ಕುಡಿಸುವುದು ಚರಕನ ಕಾಲದಿಂದ ನಡೆದುಬಂದ ಪದ್ಧತಿ. ಅದು ಬೇಕಿಲ್ಲ, ಮಾಂಸಕ್ಕೆ ಔಷಧದ ಯೋಗ್ಯತೆಯೇ ಇಲ್ಲ ಎಂದು ಆಚಾರ್ಯರು ಸಭೆಯಲ್ಲಿ ಮಂಡಿಸಿದರು. ಆ ವಾದವನ್ನು ‘ಕಲ್ಯಾಣಕಾರಕ’ ಎಂಬ ತಮ್ಮ ಸಂಸ್ಕೃತ ವೈದ್ಯಗ್ರಂಥದ ಕೊನೆಯಲ್ಲಿ ‘ಹಿತಾಹಿತಾಧ್ಯಾಯ’ ಎಂದು ಹೆಸರಿಟ್ಟು ಸೇರಿಸಿದ್ದಾರೆ.

ನೃಪತುಂಗನ ರಾಜಧಾನಿ ಮಾನ್ಯಖೇಟ ಇಂದು ಸೇಡಂ ತಾಲ್ಲೂಕಿನ ಮಳಖೇಡ. ಕಾಗಿಣಾ ನದಿಯ ದಂಡೆಯ ಮೇಲೆ ಕೋಟೆಯ ಗೋಡೆಗಳು, ಹಳೆಯ ನೇಮಿನಾಥ ಬಸದಿ, ಜಯತೀರ್ಥರ ವೃಂದಾವನ ಉಳಿದಿವೆ. ಸುತ್ತ ಸಿಮೆಂಟ್ ಕಾರ್ಖಾನೆಗಳ ಚಿಮಣಿಗಳು. ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನವೆಂದು ಕನ್ನಡಿಗರು ಈ ಊರನ್ನು ನೆನೆಯುತ್ತಾರೆ. ವೈದ್ಯದ ಚರಿತ್ರೆಯಲ್ಲೂ ಇದಕ್ಕೆ ಇಷ್ಟೇ ದೊಡ್ಡ ಜಾಗ ಇದೆ. ಅದನ್ನು ನೆನೆಯುವವರು ಮಾತ್ರ ಕಡಿಮೆ.

ಕಾಗಿಣಾ ಮುಂದೆ ಹರಿದು ಭೀಮೆಯನ್ನು ಸೇರುತ್ತದೆ. ಆ ಭೀಮೆಯ ದಂಡೆಯಲ್ಲೇ ಚಿತ್ತಾಪುರ ತಾಲ್ಲೂಕಿನ ಸನ್ನತಿ. ಒಂದೇ ಜಿಲ್ಲೆಯ ಈ ಎರಡು ಊರುಗಳ ನಡುವೆ ಸಾವಿರ ವರ್ಷಕ್ಕೂ ಮಿಕ್ಕಿದ ಅಂತರವಿದೆ. ಒಂದು ಅಶೋಕ ಮತ್ತು ಶಾತವಾಹನರ ಊರು, ಇನ್ನೊಂದು ರಾಷ್ಟ್ರಕೂಟರದು. ಹಳೆಯ ವೈದ್ಯ ಸಿದ್ಧಾಂತಗಳು ಎಲ್ಲಿ ಬೆಳೆದವು, ಹೇಗೆ ಪಯಣಿಸಿದವು, ಎಲ್ಲಿ ಸೋತವು ಎಂಬ ಕಥೆಯ ಬಹುಪಾಲನ್ನು ಈ ಎರಡು ಊರುಗಳನ್ನು ಹಿಡಿದೇ ಹೇಳಬಹುದು.

ಈ ಭಾಗದ ಯಾವುದೇ ಮನೆಯಲ್ಲಿ ಹಳೆಯ ತ್ರಿದೋಷ ಸಿದ್ಧಾಂತ ಇನ್ನೂ ಜೀವಂತವಾಗಿದೆ. ‘ಪಿತ್ತ ಆಗ್ಯಾದ’, ‘ವಾಯು ಹಿಡದಾದ’, ‘ಅದು ಥಂಡಿ ಅದ, ಬಾಣಂತಿಗಿ ಕೊಡಬ್ಯಾಡ್ರಿ’ ಎಂಬ ಮಾತು ಕೇಳದ ಓಣಿ ಚಿಂಚೋಳಿಯಲ್ಲಾಗಲಿ ಶಹಾಬಾದದಲ್ಲಾಗಲಿ ಸಿಗಲಾರದು. ವಾತ, ಪಿತ್ತ, ಕಫ ಮೂರೂ ಸಮನಾಗಿದ್ದರೆ ಆರೋಗ್ಯ, ಒಂದು ಕೆರಳಿದರೆ ರೋಗ. ಆಹಾರ, ಋತು, ನಡವಳಿಕೆ ಅವನ್ನು ಏರಿಳಿಸುತ್ತವೆ. ವಿರುದ್ಧ ಗುಣದ ಪದಾರ್ಥ ಕೊಟ್ಟು ಸಮಕ್ಕೆ ತರುವುದು ಚಿಕಿತ್ಸೆ. ಎರಡು ಸಾವಿರ ವರ್ಷ ಹಿಂದಿನ ಈ ವಿಚಾರವನ್ನು ಓದು ಬಾರದ ಅಜ್ಜಿಯೂ ಮೊಮ್ಮಗುವಿಗೆ ದಾಟಿಸುತ್ತಾಳೆ.

ಆ ವಿಚಾರದ ಅತಿ ಹಳೆಯ ಕುರುಹುಗಳಲ್ಲಿ ಒಂದು ಬೌದ್ಧರ ಪಾಲಿ ಗ್ರಂಥಗಳಲ್ಲಿದೆ. ಸಂಯುತ್ತ ನಿಕಾಯದಲ್ಲಿ ಮೋಳಿಯ ಸೀವಕ ಎಂಬ ಪರಿವ್ರಾಜಕ ಬುದ್ಧನ ಬಳಿ ಬಂದು, ಮನುಷ್ಯ ಅನುಭವಿಸುವ ನೋವೆಲ್ಲ ಹಿಂದಿನ ಕರ್ಮದ ಫಲ ಎಂದು ಕೆಲವರು ಹೇಳುತ್ತಾರಲ್ಲ, ನಿಮ್ಮ ಅಭಿಪ್ರಾಯವೇನು ಎಂದು ಕೇಳುತ್ತಾನೆ. ಬುದ್ಧ ಎಂಟು ಕಾರಣಗಳನ್ನು ಎಣಿಸುತ್ತಾನೆ. ಪಿತ್ತ, ಕಫ, ವಾತ, ಈ ಮೂರೂ ಕೂಡಿದ ಸನ್ನಿಪಾತ, ಋತುಗಳ ಬದಲಾವಣೆ, ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನಿಂದ ಬಿದ್ದ ಪೆಟ್ಟು, ಎಂಟನೆಯದು ಕರ್ಮ. ಎಲ್ಲವೂ ಕರ್ಮದಿಂದಲೇ ಎನ್ನುವವರು ತಮ್ಮ ಅನುಭವವನ್ನೂ ಲೋಕ ಒಪ್ಪಿದ್ದನ್ನೂ ಮೀರಿ ಮಾತಾಡುತ್ತಿದ್ದಾರೆ ಎಂಬುದು ಅವನ ಉತ್ತರದ ತಾತ್ಪರ್ಯ. ಈ ಪಟ್ಟಿ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ರೋಗವನ್ನು ಪಾಪದ ಕೈಯಿಂದ ಬಿಡಿಸಿ ದೇಹದ ಲೆಕ್ಕಕ್ಕೆ ಹಾಕಿದ್ದು ತ್ರಿದೋಷ ಸಿದ್ಧಾಂತ ಮಾಡಿದ ಮೊದಲ ಉಪಕಾರ. ಜ್ವರ ಬಂದವನನ್ನು ನೋಡಿ ‘ಏನು ಪಾಪ ಮಾಡಿದ್ದೆ’ ಎನ್ನುವ ಬದಲು ‘ಏನು ತಿಂದಿದ್ದೆ’ ಎಂದು ಕೇಳುವ ವೈದ್ಯ ಅಲ್ಲಿ ಹುಟ್ಟಿದ.

ಬೌದ್ಧ ಸಂಘಕ್ಕೂ ವೈದ್ಯಕ್ಕೂ ನಂಟು ಗಾಢವಾಗಿತ್ತು. ವಿನಯ ಪಿಟಕದ ‘ಮಹಾವಗ್ಗ’ದಲ್ಲಿ ಔಷಧಗಳಿಗೇ ಒಂದು ಖಂಡವಿದೆ. ಶರತ್ಕಾಲದ ರೋಗದಿಂದ ಉಂಡದ್ದೆಲ್ಲ ಕಕ್ಕಿ ಬಡಕಲಾದ ಭಿಕ್ಷುಗಳಿಗೆ ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲ ಎಂಬ ಐದು ಮದ್ದುಗಳಿಗೆ ಬುದ್ಧ ಅಪ್ಪಣೆ ಕೊಟ್ಟ ಸಂದರ್ಭ ಅಲ್ಲಿ ಬರುತ್ತದೆ. ಶರತ್ಕಾಲದಲ್ಲಿ ಪಿತ್ತ ಕೆರಳುತ್ತದೆ ಎಂಬುದು ಆಯುರ್ವೇದದ ಮಾತೂ ಹೌದು. ಅತಿಸಾರವಾಗಿ ತನ್ನ ಮಲದಲ್ಲೇ ಬಿದ್ದಿದ್ದ ಒಬ್ಬ ಭಿಕ್ಷುವನ್ನು ಬುದ್ಧ ಆನಂದನ ಜೊತೆ ಸೇರಿ ತಾನೇ ತೊಳೆದು ಮಲಗಿಸಿದ ಪ್ರಸಂಗವೂ ಅಲ್ಲಿಯದೇ. ಅಮೆರಿಕದ ವಿದ್ವಾಂಸ ಕೆನೆತ್ ಝೈಸ್ಕ್ 1991ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಕಣ್ಣಾರೆ ಕಂಡು ಯುಕ್ತಿಯಿಂದ ಮದ್ದು ಕೊಡುವ ವೈದ್ಯ ಬೆಳೆದದ್ದು ಶ್ರಮಣರ ನಡುವೆಯೇ ಎಂದು ವಾದಿಸಿದರು. ಅವರ ವಾದವನ್ನು ಪೂರ್ತಿ ಒಪ್ಪದವರೂ ಇದ್ದಾರೆ. ಆದರೆ ಮಠ ವಿಹಾರಗಳು ವೈದ್ಯದ ವಾಹನವಾದವು ಎಂಬುದರಲ್ಲಿ ಅನುಮಾನವಿಲ್ಲ. 1890ರಲ್ಲಿ ಮಧ್ಯ ಏಷ್ಯಾದ ಕುಚಾ ಬಳಿ ಹ್ಯಾಮಿಲ್ಟನ್ ಬೋವರ್ ಎಂಬ ಸೇನಾಧಿಕಾರಿಯ ಕೈಗೆ ಸಿಕ್ಕ ಭೂರ್ಜಪತ್ರದ ಕಟ್ಟಿನಲ್ಲಿ ಸಂಸ್ಕೃತ ವೈದ್ಯಗ್ರಂಥಗಳಿದ್ದವು, ಬೆಳ್ಳುಳ್ಳಿಯ ಗುಣಗಾನವಿತ್ತು. ಹಿಮಾಲಯ ದಾಟಿ ಆ ವಿದ್ಯೆಯನ್ನು ಒಯ್ದವರು ಬೌದ್ಧರು.

ಇನ್ನು ಸನ್ನತಿಯ ಕಲ್ಲಿನ ಮಾತು. 1986ರಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಚಾವಣಿ ಕುಸಿದಾಗ, ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿ ಅಶೋಕನ ಶಾಸನವೆಂದು ತಿಳಿಯಿತು. ಪಕ್ಕದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆಯ ಉತ್ಖನನದಲ್ಲಿ ಮಹಾಸ್ತೂಪ ಹೊರಬಂತು, ಅಶೋಕನ ಹೆಸರು ಕೊರೆದ ಶಿಲ್ಪವೂ ಸಿಕ್ಕಿತು. ಅಶೋಕನ ಹದಿನಾಲ್ಕು ಶಿಲಾಶಾಸನಗಳಲ್ಲಿ ವೈದ್ಯದ ಮಾತು ಬರುವುದು ಎರಡನೆಯದರಲ್ಲಿ. ತನ್ನ ರಾಜ್ಯದಲ್ಲೂ, ಚೋಳ, ಪಾಂಡ್ಯ, ಸತಿಯಪುತ್ರ, ಕೇರಳಪುತ್ರರ ನಾಡುಗಳಲ್ಲೂ, ಆಚೆ ಯವನ ರಾಜ ಅಂತಿಯೋಕನ ಸೀಮೆಯಲ್ಲೂ ಮನುಷ್ಯರಿಗೆ, ಪಶುಗಳಿಗೆ ಚಿಕಿತ್ಸೆಯ ಏರ್ಪಾಡು ಮಾಡಿದ್ದೇನೆ, ಔಷಧದ ಗಿಡ, ಬೇರು, ಹಣ್ಣು ಇಲ್ಲದ ಕಡೆ ತರಿಸಿ ನೆಡಿಸಿದ್ದೇನೆ ಎಂದು ಅಲ್ಲಿ ದೊರೆ ಹೇಳಿಕೊಂಡಿದ್ದಾನೆ. ಸನ್ನತಿಯ ಚಪ್ಪಡಿಯ ಮೇಲೆ ಆ ಎರಡನೆಯ ಶಾಸನ ಇಲ್ಲ. ಉಳಿದಿರುವುದು ಹನ್ನೆರಡನೆಯದು, ಹದಿನಾಲ್ಕನೆಯದು, ಮತ್ತು ಕಳಿಂಗದಲ್ಲಿ ಮೊದಲು ಕಂಡಿದ್ದ ಎರಡು ಪ್ರತ್ಯೇಕ ಶಾಸನಗಳು.

ಹನ್ನೆರಡನೆಯದರ ವಿಷಯ ಬೇರೆ. ನಿನ್ನ ಪಂಥವನ್ನೇ ಹೊಗಳಬೇಡ, ಸಂದರ್ಭವಿಲ್ಲದೆ ಪರರ ಪಂಥವನ್ನು ಹಳಿಯಬೇಡ, ನಾಲಗೆಗೆ ಹಿಡಿತವಿರಲಿ, ಒಬ್ಬರ ವಿಚಾರವನ್ನು ಇನ್ನೊಬ್ಬರು ಕೇಳಿಸಿಕೊಳ್ಳಲಿ ಎಂಬುದು ಅದರ ಸಾರ. ವೈದ್ಯಕ್ಕೂ ಇದಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ನನ್ನ ಮಟ್ಟಿಗೆ ಈ ಇಡೀ ಕಥೆಯ ತಿರುಳು ಅದೇ. ಹಳೆಯ ವೈದ್ಯ ಬೆಳೆದದ್ದು ಪರರ ಮಾತಿಗೆ ಕಿವಿಗೊಟ್ಟಾಗ, ಎದುರು ವಾದ ಕಟ್ಟಿದಾಗ, ಒಪ್ಪಿದ್ದನ್ನು ಮತ್ತೆ ಒರೆಗೆ ಹಚ್ಚಿದಾಗ. ಕಿವಿ ಮುಚ್ಚಿದ ಕಡೆ ಅದು ನಿಂತುಹೋಯಿತು.

ಇದಕ್ಕೆ ಚರಕ ಸಂಹಿತೆಯೇ ಸಾಕ್ಷಿ. ಅದರ ವಿಮಾನಸ್ಥಾನದ ಎಂಟನೇ ಅಧ್ಯಾಯದಲ್ಲಿ ವೈದ್ಯರು ವೈದ್ಯರ ಜೊತೆ ಹೇಗೆ ವಾದ ಮಾಡಬೇಕು ಎಂಬ ವಿವರವಾದ ಪಾಠವಿದೆ. ಸ್ನೇಹದಿಂದ ಮಾಡುವ ಸಂಧಾಯ ಸಂಭಾಷೆ, ಗೆಲ್ಲಲೆಂದೇ ಮಾಡುವ ವಿಗೃಹ್ಯ ಸಂಭಾಷೆ ಎಂದು ಎರಡು ಬಗೆ. ಇನ್ನೊಂದು ಅಧ್ಯಾಯದಲ್ಲಿ ಋಷಿಗಳ ಸಭೆಯೊಂದು ರುಚಿಗಳು ಎಷ್ಟು ಎಂದು ಚರ್ಚಿಸುತ್ತದೆ. ಒಬ್ಬ ಒಂದೇ ಎನ್ನುತ್ತಾನೆ, ಇನ್ನೊಬ್ಬ ಎರಡು, ಮತ್ತೊಬ್ಬ ಮೂರು. ಹೀಗೇ ಎಂಟರ ತನಕ ಹೋಗಿ, ಬಾಹ್ಲೀಕ ದೇಶದ ಕಾಂಕಾಯನ ಲೆಕ್ಕವಿಲ್ಲದಷ್ಟು ಎಂದುಬಿಡುತ್ತಾನೆ. ಎಲ್ಲವನ್ನೂ ಕೇಳಿದ ಆತ್ರೇಯ ಕಾರಣ ಕೊಟ್ಟು ಆರು ಎಂದು ನಿಲ್ಲಿಸುತ್ತಾನೆ. ಸೋತ ಅಭಿಪ್ರಾಯಗಳನ್ನೂ ಅವುಗಳನ್ನು ಆಡಿದವರ ಹೆಸರುಗಳನ್ನೂ ಗ್ರಂಥ ಅಳಿಸಲಿಲ್ಲ. ಬಾಹ್ಲೀಕ ಎಂದರೆ ಇಂದಿನ ಅಫ್ಘಾನಿಸ್ತಾನದ ಬಲ್ಖ್. ಅಷ್ಟು ದೂರದವನಿಗೂ ಸಭೆಯಲ್ಲಿ ಮಾತಿತ್ತು.

ಈ ಆರು ರುಚಿಗಳು ಮತ್ತೆ ಎದ್ದು ಬರುವುದು ಮಳಖೇಡದ ಆಸ್ಥಾನದಲ್ಲಿ, ಅದೂ ಗಣಿತದ ಪುಸ್ತಕದಲ್ಲಿ. ಅಮೋಘವರ್ಷನನ್ನು ಕೊಂಡಾಡಿ ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯರು, ಹಲವು ವಸ್ತುಗಳಿಂದ ಕೆಲವನ್ನು ಆರಿಸಿ ಎಷ್ಟು ಬಗೆಯಲ್ಲಿ ಕೂಡಿಸಬಹುದು ಎನ್ನುವುದಕ್ಕೆ ಸಾಮಾನ್ಯ ಸೂತ್ರ ಕೊಟ್ಟಿದ್ದಾರೆ. ಅದಕ್ಕೆ ಅವರು ಕೊಟ್ಟ ಉದಾಹರಣೆಗಳಲ್ಲಿ ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಈ ಆರು ರುಚಿಗಳ ಸಂಯೋಗಗಳ ಲೆಕ್ಕವೂ ಇದೆ. ಒಂಟಿಯಾಗಿ 6, ಎರಡೆರಡಾಗಿ 15, ಮೂರು ಸೇರಿ 20, ನಾಲ್ಕು ಸೇರಿ 15, ಐದು ಸೇರಿ 6, ಎಲ್ಲ ಸೇರಿ 1; ಒಟ್ಟು 63. ಚರಕ, ಸುಶ್ರುತರು ಹೇಳುವ ಸಂಖ್ಯೆಯೂ 63. ಔಷಧಗಳನ್ನು ರುಚಿಯ ಮೇಲೆ ವಿಂಗಡಿಸುವ ವೈದ್ಯನಿಗೆ ಬೇಕಾದ ಎಣಿಕೆ ಇಲ್ಲಿ ಎಲ್ಲ ಎಣಿಕೆಗಳಿಗೂ ಹೊಂದುವ ಸೂತ್ರವಾಯಿತು. ವೈದ್ಯದ ಪ್ರಶ್ನೆ ಗಣಿತವನ್ನು ಬೆಳೆಸಿದ ಇಂಥ ನಿದರ್ಶನ ನಮ್ಮ ಕಲಬುರಗಿ ಜಿಲ್ಲೆಯದು ಎಂಬುದನ್ನು ಇಲ್ಲಿನ ಶಾಲೆಗಳ ಮಕ್ಕಳಿಗೆ ಯಾರಾದರೂ ಹೇಳಬೇಕು.

ಕಲ್ಯಾಣಕಾರಕದ ಕಡೆ ಬರೋಣ. ಗುರುಗಳು ಶ್ರೀನಂದಿ, ಬರೆದ ಸ್ಥಳ ವೆಂಗಿ ಸೀಮೆಯ ರಾಮಗಿರಿ ಎಂದು ಕೃತಿಯಲ್ಲೇ ಇದೆ. ಇಪ್ಪತ್ತೈದು ಪರಿಚ್ಛೇದಗಳು, ಆಮೇಲೆ ಸಾವಿನ ಲಕ್ಷಣಗಳ ರಿಷ್ಟಾಧ್ಯಾಯ ಮತ್ತು ಹಿತಾಹಿತಾಧ್ಯಾಯ. 1940ರಲ್ಲಿ ಸೊಲ್ಲಾಪುರದಲ್ಲಿ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಹಿಂದಿ ಅನುವಾದದೊಡನೆ ಅಚ್ಚಾಯಿತು. ಉಗ್ರಾದಿತ್ಯರು ತಮಗಿಂತ ಹಿಂದಿನವರ ಋಣವನ್ನು ಬಿಡದೆ ಒಪ್ಪಿಸುತ್ತಾರೆ. ಕಣ್ಣು, ಕಿವಿ, ಮೂಗಿನ ಶಾಲಾಕ್ಯಕ್ಕೆ ಪೂಜ್ಯಪಾದ, ಶಸ್ತ್ರಚಿಕಿತ್ಸೆಗೆ ಪಾತ್ರಸ್ವಾಮಿ, ವಿಷಕ್ಕೆ ಸಿದ್ಧಸೇನ, ಕಾಯಚಿಕಿತ್ಸೆಗೆ ದಶರಥಗುರು, ಮಕ್ಕಳ ರೋಗಕ್ಕೆ ಮೇಘನಾದ, ಎಂಟೂ ಅಂಗಗಳಿಗೆ ಸಮಂತಭದ್ರ. ಇವರಲ್ಲಿ ಬಹುತೇಕರ ವೈದ್ಯಗ್ರಂಥಗಳು ಇಂದು ಕೈಗೆ ಸಿಗುವುದಿಲ್ಲ. ತ್ರಿದೋಷದ ಚೌಕಟ್ಟನ್ನು ಉಗ್ರಾದಿತ್ಯರು ಹಾಗೆಯೇ ಇಟ್ಟುಕೊಂಡರು, ಅದರೊಳಗಿನ ಮದ್ದಿನ ಪಟ್ಟಿಯನ್ನು ಮಾತ್ರ ತಿದ್ದಿದರು. ಪಾದರಸದ ಸಂಸ್ಕಾರಕ್ಕೂ ಜಾಗ ಕೊಟ್ಟರು. ಅವರ ನಿಲುವಿಗೆ ಅಹಿಂಸೆಯೇ ಮೂಲ ಪ್ರೇರಣೆ ಎಂಬುದು ನಿಜ. ಆದರೂ ಅದನ್ನು ಬಸದಿಯೊಳಗಿನ ನಂಬಿಕೆಯಾಗಿ ಉಳಿಸಿಕೊಳ್ಳದೆ ವೈದ್ಯರ ಎದುರಿಗೆ ತಂದು ನಿಲ್ಲಿಸಿದ್ದು ಅವರ ಧೈರ್ಯ. ಮೂರು ಶತಮಾನಗಳ ಮೇಲೆ, ಸುಮಾರು 1150ರಲ್ಲಿ, ಜಗದ್ದಳ ಸೋಮನಾಥ ಪೂಜ್ಯಪಾದರ ಇದೇ ಹೆಸರಿನ ಕೃತಿಯನ್ನು ಕನ್ನಡಕ್ಕೆ ತಂದ. ಮದ್ಯ ಮಾಂಸಗಳನ್ನು ಬಿಟ್ಟ ಆ ‘ಕರ್ಣಾಟಕ ಕಲ್ಯಾಣಕಾರಕ’ ಕನ್ನಡದ ಮೊದಲ ವೈದ್ಯಗ್ರಂಥಗಳ ಸಾಲಿನದು.

ಹಾಗೆಂದು ನೃಪತುಂಗನ ಕಾಲವನ್ನು ಬರೀ ಯುಕ್ತಿಯ ಕಾಲ ಎಂದುಕೊಳ್ಳುವಂತಿಲ್ಲ. 871ರ ಸಂಜಾನ್ ತಾಮ್ರಪಟ ಅಮೋಘವರ್ಷನ ಬಗ್ಗೆ ಒಂದು ವಿಷಯ ಹೇಳುತ್ತದೆ. ಜನರಿಗೆ ಬಂದ ಉಪದ್ರವ ಕಳೆಯಲೆಂದು ಅವನು ತನ್ನ ಎಡಗೈ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದ. ಇದನ್ನು ಮೂಢನಂಬಿಕೆ ಎಂದು ತಳ್ಳಿಬಿಡುವುದು ಸುಲಭ. ಆದರೆ ಆ ಕಾಲದ ವೈದ್ಯ ಸಿದ್ಧಾಂತದ ಒಳಗೆ ನಿಂತು ನೋಡಿದರೆ ಅದಕ್ಕೂ ಒಂದು ತರ್ಕ ಇತ್ತು. ಊರಿಗೆ ಊರೇ ರೋಗಕ್ಕೆ ಬೀಳುವುದೇಕೆ ಎಂಬ ಪ್ರಶ್ನೆಗೆ ಚರಕ ಸಂಹಿತೆಯ ಉತ್ತರ ಹೀಗಿದೆ: ಒಬ್ಬೊಬ್ಬರ ಪ್ರಕೃತಿ, ಆಹಾರ ಬೇರೆಯಾದರೂ ಗಾಳಿ, ನೀರು, ನೆಲ, ಕಾಲ ನಾಲ್ಕೂ ಎಲ್ಲರಿಗೂ ಒಂದೇ, ಅವು ಕೆಟ್ಟರೆ ಜನಪದವೇ ಹಾಳಾಗುತ್ತದೆ. ಇಲ್ಲಿಯ ತನಕ ಇದು ಅದ್ಭುತವಾದ ಗಮನಿಕೆ. ಗ್ರೀಸಿನ ಹಿಪ್ಪಾಕ್ರಟಿಸನ ಹೆಸರಿನಲ್ಲಿರುವ ‘ಗಾಳಿ, ನೀರು, ನೆಲೆ’ಗಳ ಗ್ರಂಥವೂ ಇದೇ ದಾರಿ ಹಿಡಿದಿತ್ತು. ಆದರೆ ಆ ನಾಲ್ಕು ಕೆಡುವುದೇಕೆ ಎಂದು ಕೇಳಿದಾಗ ಸಂಹಿತೆ ಅಧರ್ಮದ ಕಡೆ, ಅದರಲ್ಲೂ ಆಳುವವರ ಅಧರ್ಮದ ಕಡೆ ಬೆರಳು ತೋರಿಸುತ್ತದೆ. ದೊರೆಯೇ ಹೊಣೆಯಾದರೆ ದೊರೆಯೇ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾಯಿತು. ಸೀವಕನಿಗೆ ಕೊಟ್ಟ ಉತ್ತರದಲ್ಲಿ ಎಂಟನೆಯ ಸಾಲಿಗೆ ಸರಿಸಿದ್ದ ಕರ್ಮ ಸಾಂಕ್ರಾಮಿಕ ರೋಗದ ಹೊತ್ತಿಗೆ ಮತ್ತೆ ಮೊದಲ ಸಾಲಿಗೆ ಬಂದು ಕೂತಿತು.

ಊರೇ ರೋಗಕ್ಕೆ ಬೀಳುವುದೇಕೆ ಎಂಬ ಪ್ರಶ್ನೆಗೆ ಉತ್ತರದ ಒಂದು ತುಣುಕು ಸಿಕ್ಕಿದ್ದು ಸಾವಿರ ವರ್ಷದ ಮೇಲೆ, ಅದೂ ಕಲಬುರಗಿ ಸೇರಿದ್ದ ನಿಜಾಮ್ ಸಂಸ್ಥಾನದ ನೆಲದಲ್ಲೇ. ಸಿಕಂದರಾಬಾದಿನಲ್ಲಿ 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್, ಮಲೇರಿಯಾ ರೋಗಿಯ ರಕ್ತ ಕುಡಿದ ಸೊಳ್ಳೆಯ ಹೊಟ್ಟೆಯಲ್ಲಿ ಆ ರೋಗದ ಜೀವಾಣುವನ್ನು ಕಂಡರು. ಕೆಟ್ಟ ಗಾಳಿಯಿಂದ ಜ್ವರ ಎಂಬ ಮಾತು ಯುರೋಪಿನಲ್ಲೂ ನಮ್ಮಲ್ಲೂ ಅಲ್ಲಿಗೆ ಮುಗಿಯಬೇಕಿತ್ತು.

ಮತ್ತೆ ಒಂಬತ್ತನೇ ಶತಮಾನಕ್ಕೆ. ಮಳಖೇಡದಲ್ಲಿ ನೃಪತುಂಗ ಆಳುತ್ತಿದ್ದಾಗಲೇ ಬಗ್ದಾದಿನಲ್ಲಿ ಹಿಂದೂಸ್ತಾನದ ವೈದ್ಯ ಅರಬ್ಬಿಗೆ ಇಳಿದಿತ್ತು. ಅದಕ್ಕೂ ಒಂದೆರಡು ತಲೆಮಾರು ಹಿಂದೆ, ಬರ್ಮಕಿ ಮನೆತನದ ಮಂತ್ರಿ ಯಾಹ್ಯಾನ ಆಶ್ರಯದಲ್ಲಿ ಮಂಕ ಎಂಬ ಭಾರತೀಯ ವೈದ್ಯ ಸುಶ್ರುತ ಸಂಹಿತೆಯ ಅನುವಾದಕ್ಕೆ ನೆರವಾದ. 850ರ ಹೊತ್ತಿಗೆ ಅಲಿ ಇಬ್ನ್ ರಬ್ಬನ್ ಅಲ್ ತಬರಿ ‘ಫಿರ್ದೌಸ್ ಅಲ್ ಹಿಕ್ಮಾ’ ಎಂಬ ವೈದ್ಯಕೋಶ ಮುಗಿಸಿದ. ಗ್ರೀಕ್ ವೈದ್ಯವನ್ನೆಲ್ಲ ವಿವರಿಸಿ, ಕೊನೆಯಲ್ಲಿ 36 ಅಧ್ಯಾಯಗಳನ್ನು ಭಾರತದ ವೈದ್ಯಕ್ಕೇ ಮೀಸಲಿಟ್ಟ. ಚರಕ, ಸುಶ್ರುತ, ನಿದಾನ, ಅಷ್ಟಾಂಗಹೃದಯ ನಾಲ್ಕೂ ಅಲ್ಲಿ ಹೆಸರಿನೊಡನೆ ಇವೆ. ಮರುವರ್ಷ, 851ರಲ್ಲಿ, ವ್ಯಾಪಾರಿ ಸುಲೈಮಾನನ ಹೆಸರಿಗೆ ಸೇರಿದ ಅರಬ್ಬಿ ಬರಹ ‘ಬಲ್ಹರಾ’ನನ್ನು, ಎಂದರೆ ರಾಷ್ಟ್ರಕೂಟ ವಲ್ಲಭರಾಜನನ್ನು, ಜಗತ್ತಿನ ನಾಲ್ಕು ದೊಡ್ಡ ದೊರೆಗಳಲ್ಲಿ ಒಬ್ಬನೆಂದು ಎಣಿಸಿತು. ಮುಂದೆ ವೈದ್ಯ ಅಲ್ ರಾಜಿಯ ‘ಅಲ್ ಹಾವಿ’ ಚರಕನ ಹೆಸರು ಹೇಳಿ ಮಾತು ಎತ್ತಿಕೊಂಡಿತು. ಆ ಗ್ರಂಥ 1279ರಲ್ಲಿ ಲ್ಯಾಟಿನ್ನಿಗೆ ಹೋಯಿತು, ಯುರೋಪಿನ ವೈದ್ಯ ವಿದ್ಯಾರ್ಥಿಗಳ ಕೈ ಸೇರಿತು.

ಇಲ್ಲಿಂದ ವೈದ್ಯ ಹೊರಗೆ ಹೋದಂತೆ ಹೊರಗಿನ ವೈದ್ಯವೂ ಇಲ್ಲಿಗೆ ಬಂತು. ಗ್ರೀಕ್ ವೈದ್ಯ ಗೇಲನ್ ವಿವರಿಸಿದ ನಾಲ್ಕು ದ್ರವಗಳ ಸಿದ್ಧಾಂತ, ಅಂದರೆ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ, ಅರಬ್ಬಿ ಪಾರ್ಸಿ ಗ್ರಂಥಗಳ ಮೂಲಕ ಯುನಾನಿ ಎಂದು ಹೆಸರಾಗಿ ದಖ್ಖನಕ್ಕೆ ಬಂತು. 1347ರಲ್ಲಿ ಕಲಬುರಗಿಯಲ್ಲಿ ಬಹಮನಿ ರಾಜ್ಯ ಹುಟ್ಟಿತು, ಮುಂದೆ ರಾಜಧಾನಿ ಬೀದರಿಗೆ ಹೋಯಿತು. ಎರಡನೇ ಅಲಾವುದ್ದೀನ್ ಅಹ್ಮದ್ ಬೀದರಿನಲ್ಲಿ ದೊಡ್ಡ ದವಾಖಾನೆ ಕಟ್ಟಿಸಿ, ಅದರ ಖರ್ಚಿಗೆ ಗ್ರಾಮಗಳನ್ನು ಬಿಟ್ಟು, ಹಿಂದೂ ವೈದ್ಯರನ್ನೂ ಮುಸ್ಲಿಂ ಹಕೀಮರನ್ನೂ ನೇಮಿಸಿದ ಎಂದು ಇತಿಹಾಸಕಾರ ಫಿರಿಶ್ತಾ ಬರೆಯುತ್ತಾನೆ. ವಿಜಯಪುರದ ಆದಿಲಶಾಹಿ ಆಸ್ಥಾನದಲ್ಲಿದ್ದ ಈ ಫಿರಿಶ್ತಾನೇ ಆಯುರ್ವೇದವನ್ನು ಪಾರ್ಸಿ ಓದುಗರಿಗೆ ತಿಳಿಸಲು ‘ದಸ್ತೂರ್ ಉಲ್ ಅತಿಬ್ಬಾ’ ಎಂಬ ಪುಸ್ತಕ ರಚಿಸಿದ. ನಮ್ಮ ಭಾಗದ ‘ಗರಂ’, ‘ಥಂಡಿ’ ಮಾತಿನಲ್ಲಿ ಹಕೀಮನ ಪಾಲೆಷ್ಟು, ವೈದ್ಯನ ಪಾಲೆಷ್ಟು ಎಂದು ಬಿಡಿಸುವುದು ಇನ್ನು ಆಗದ ಕೆಲಸ. ಬಿಡಿಸಬೇಕಾದ ಅಗತ್ಯವೂ ಇಲ್ಲ.

ನಡುವಿನ ಕಾಲದ ಒಂದು ಹೆಸರನ್ನು ಬಿಡಲಾರೆ. ಚಿತ್ತಾಪುರದ ಹತ್ತಿರ ನಾಗಾವಿಯಲ್ಲಿ, 1058ರ ಶಾಸನ ಹೇಳುವಂತೆ, ಕಲ್ಯಾಣ ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಆಳ್ವಿಕೆಯಲ್ಲಿ ದೊಡ್ಡ ಘಟಿಕಾಸ್ಥಾನವಿತ್ತು. ಪುಸ್ತಕ ಭಂಡಾರಕ್ಕೇ ಆರು ಮಂದಿ ಸರಸ್ವತೀ ಭಂಡಾರಿಗರು. ಆ ದೊರೆಯ ಮಗ ಕೀರ್ತಿವರ್ಮ ಕನ್ನಡದಲ್ಲಿ ‘ಗೋವೈದ್ಯ’ ಬರೆದ. ದನದ ಕಾಯಿಲೆಯ ಮೇಲೆ ಒಬ್ಬ ರಾಜಕುಮಾರ ಪುಸ್ತಕ ಬರೆಯುವುದು ಸಣ್ಣ ಸಂಗತಿಯಲ್ಲ. ಪಶುಗಳಿಗೂ ಚಿಕಿತ್ಸೆ ಎಂದ ಅಶೋಕನ ಮಾತು ಈ ಸೀಮೆಯಲ್ಲಿ ಕನ್ನಡದ ಪುಸ್ತಕವಾದದ್ದು ಹೀಗೆ.

ಇಷ್ಟು ದೂರ ನಡೆದ ವಿದ್ಯೆ ನಿಂತದ್ದೆಲ್ಲಿ? ಸುಶ್ರುತ ಸಂಹಿತೆಯಲ್ಲಿ ಹೆಣವನ್ನು ಹುಲ್ಲಿನಲ್ಲಿ ಸುತ್ತಿ, ಹರಿವ ನೀರಿನಲ್ಲಿ ಏಳು ರಾತ್ರಿ ಇಟ್ಟು, ಮೆತ್ತಗಾದ ಮೇಲೆ ಕುಂಚದಿಂದ ಪದರ ಪದರವಾಗಿ ಉಜ್ಜಿ ಒಳಗಿನ ಅಂಗಗಳನ್ನು ಕಣ್ಣಾರೆ ನೋಡಬೇಕು ಎಂಬ ವಿಧಿ ಇದೆ. ಓದಿದ್ದು, ಕಂಡದ್ದು ಎರಡೂ ಸೇರಿದರೆ ಮಾತ್ರ ಜ್ಞಾನ ಎಂದು ಸಂಹಿತೆ ಹೇಳುತ್ತದೆ. ಆ ವಿಧಿ ಆಮೇಲೆ ಪುಸ್ತಕದಲ್ಲಿ ಉಳಿಯಿತು, ಕೈಯಿಂದ ಜಾರಿತು. ಹೆಣ ಮುಟ್ಟುವುದು, ಕೀವು ತೆಗೆಯುವುದು, ಮೂಳೆ ಕೂಡಿಸುವುದು ಕೀಳು ಎನಿಸಿದ ಜಾತಿಗಳ ಪಾಲಾಯಿತು. ಶ್ಲೋಕ ಮೇಲಿನವರ ಪಾಲು. ರಸಾಯನಶಾಸ್ತ್ರಜ್ಞ ಪ್ರಫುಲ್ಲಚಂದ್ರ ರಾಯ್ ತಮ್ಮ ಹಿಂದೂ ರಸಾಯನಶಾಸ್ತ್ರದ ಚರಿತ್ರೆಯಲ್ಲಿ, ಜಾತಿ ಕಟ್ಟು ಬಿಗಿಯಾಗಿ ಬುದ್ಧಿ ಕೈಕೆಲಸದಿಂದ ದೂರವಾದದ್ದೇ ವಿಜ್ಞಾನದ ಇಳಿಮುಖಕ್ಕೆ ಕಾರಣ ಎಂದರು. ಅವರ ಮಾತು ನನಗೆ ಪೂರ್ತಿ ಒಪ್ಪಿಗೆ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಕವಾಸ್‌ಜಿ ಎಂಬ ಎತ್ತಿನ ಬಂಡಿ ಹೊಡೆಯುವವನ ಚಿತ್ರ ಅಚ್ಚುಹಾಕಿತು. ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡಿದ್ದ ಆತನಿಗೆ ಪುಣೆಯ ಕಡೆ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಲಾಗಿತ್ತು. ಕಟ್ಟಿದವನು ಸಂಹಿತೆ ಓದಿದ ಪಂಡಿತನಲ್ಲ, ಇಟ್ಟಿಗೆ ಮಾಡುವ ಜಾತಿಯವನು. ಲಂಡನ್ನಿನ ಸರ್ಜನ್ ಕಾರ್ಪ್ಯು ಆ ಸುದ್ದಿಯಿಂದ ಕಲಿತು, 1814ರಲ್ಲಿ ತಾನೂ ಮಾಡಿ ನೋಡಿ, 1816ರಲ್ಲಿ ಪ್ರಕಟಿಸಿದ. ಯುರೋಪಿನ ಪ್ಲಾಸ್ಟಿಕ್ ಸರ್ಜರಿ ಹೊಸದಾಗಿ ಹೆಜ್ಜೆ ಇಟ್ಟಿತು.

ಯುರೋಪಿನಲ್ಲೂ ಸಿದ್ಧಾಂತ ಸುಲಭವಾಗಿ ಸಾಯಲಿಲ್ಲ. ವೆಸಾಲಿಯಸ್ 1543ರಲ್ಲಿ ದೇಹ ಕೊಯ್ದು ಗೇಲನ್‌ನ ತಪ್ಪುಗಳನ್ನು ತೋರಿಸಿದ, ಹಾರ್ವೆ 1628ರಲ್ಲಿ ರಕ್ತ ಸುತ್ತುವುದನ್ನು ತೋರಿಸಿದ; ಆದರೂ ಕೆಟ್ಟ ರಕ್ತ ತೆಗೆಯುತ್ತೇವೆಂದು ರೋಗಿಗಳ ನರ ಕುಯ್ಯುವುದು ನಡೆದೇ ಇತ್ತು. 1835ರಲ್ಲಿ ಪ್ಯಾರಿಸಿನ ಪಿಯರ್ ಲೂಯಿ ಬೇರೆ ದಾರಿ ಹಿಡಿದ. ನ್ಯುಮೋನಿಯಾ ರೋಗಿಗಳಲ್ಲಿ ಬೇಗ ರಕ್ತ ತೆಗೆದವರೆಷ್ಟು, ತಡವಾಗಿ ತೆಗೆದವರೆಷ್ಟು, ಬದುಕಿದವರೆಷ್ಟು ಎಂದು ಲೆಕ್ಕ ಹಾಕಿದ. ಲಾಭ ಅತ್ಯಲ್ಪ ಎಂದು ಲೆಕ್ಕವೇ ಹೇಳಿತು. ಗುರು ಹೇಳಿದ್ದಾರೆ ಎಂಬ ಮಾತಿನ ಎದುರಿಗೆ ಸಂಖ್ಯೆ ನಿಂತದ್ದು ವೈದ್ಯದ ದೊಡ್ಡ ತಿರುವು. 1836ರಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಮಧುಸೂದನ ಗುಪ್ತ ಹೆಣ ಕೊಯ್ದರು. ಅವರು ಆಯುರ್ವೇದದ ಪಂಡಿತರು. ಸುಶ್ರುತ ಹೇಳಿದ್ದನ್ನು ಅವರ ಕೈ ಮತ್ತೆ ಮಾಡಿತು.

ಹಳೆಯದರಲ್ಲಿ ಯಾವುದು ಉಳಿಯಿತು, ಯಾವುದು ಉದುರಿತು ಎಂಬುದಕ್ಕೆ ನಮ್ಮ ತೊಗರಿ ಹೊಲಗಳಿಗೆ ಹತ್ತಿರದ ಉದಾಹರಣೆ ಹಾವಿನ ಕಡಿತ. ಸುಶ್ರುತನು ಕಡಿದ ಜಾಗದ ಮೇಲೆ ಬಿಗಿಯಾಗಿ ಕಟ್ಟು ಕಟ್ಟಿ, ಕೊಯ್ದು, ಸುಟ್ಟು, ಹೀರಿ ತೆಗೆಯಬೇಕು ಎಂದ. ಸುಮಾರು 1360ರಲ್ಲಿ ಮಂಗರಾಜ ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷಗಳ ಬಗೆ, ಲಕ್ಷಣ, ಮದ್ದುಗಳನ್ನೆಲ್ಲ ಕನ್ನಡದಲ್ಲಿ ಕೂಡಿಸಿಟ್ಟ, ಲಕ್ಷಣಗಳನ್ನು ಗಮನಿಸುವ ಅವನ ಶ್ರದ್ಧೆಗೆ ತಲೆಬಾಗಲೇಬೇಕು. ಆದರೆ ಮದ್ದುಗಳ ಪರೀಕ್ಷೆ ಬೇರೆ ಮಾತು. ಬ್ರಿಟಿಷ್ ವೈದ್ಯ ಜೋಸೆಫ್ ಫೇರರ್ ಕಲ್ಕತ್ತಾದಲ್ಲಿ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಆಗ ಹೆಸರಾಗಿದ್ದ ಯಾವ ಪ್ರತಿವಿಷವೂ ಫಲ ಕೊಡಲಿಲ್ಲ ಎಂದು 1872ರ ಪುಸ್ತಕದಲ್ಲಿ ಬರೆದರು. 1890ರ ದಶಕದಲ್ಲಿ ಫ್ರಾನ್ಸಿನ ಕಾಲ್ಮೆಟ್ ಪ್ರಾಣಿಯ ರಕ್ತದಿಂದ ಪ್ರತಿವಿಷ ತಯಾರಿಸಿದ ಮೇಲೆ ದಾರಿ ಬದಲಾಯಿತು. ಇಂದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಆಗುವ ಇಂಜೆಕ್ಷನ್ ಇದೆ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ, ಅಂಗ ಅಲುಗಾಡಿಸದೆ ಕರೆತನ್ನಿ ಎನ್ನುವುದು ಇಂದಿನ ವೈದ್ಯರ ಮಾತು.

ಇದೇ ಹಾವಿನ ಕಥೆಗೆ ಇನ್ನೊಂದು ಮುಖ ಇದೆ. ನಾಡವೈದ್ಯರು ಹಾವಿನ ವಿಷಕ್ಕೂ ಉನ್ಮಾದಕ್ಕೂ ಕೊಡುತ್ತಿದ್ದ ಬೇರು ಸರ್ಪಗಂಧ. ಹಾವಿನ ವಿಷಕ್ಕೆ ಅದರಿಂದ ಉಪಯೋಗ ಕಾಣಲಿಲ್ಲ. ಆದರೆ 1931ರಲ್ಲಿ ಕಲ್ಕತ್ತಾದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್, ಅದು ರಕ್ತದೊತ್ತಡ ಇಳಿಸುತ್ತದೆ, ಕೆರಳಿದ ಮನಸ್ಸನ್ನು ತಣಿಸುತ್ತದೆ ಎಂದು ವರದಿ ಮಾಡಿದರು. 1949ರಲ್ಲಿ ಮುಂಬೈಯ ರುಸ್ತುಂ ಜಾಲ್ ವಕೀಲ್ ತಮ್ಮ ರೋಗಿಗಳ ಲೆಕ್ಕವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಅದರಿಂದ ರೆಸರ್ಪಿನ್ ಬೇರ್ಪಟ್ಟಿತು, ಜಗತ್ತಿನಾದ್ಯಂತ ಬಳಕೆಗೆ ಬಂತು. ಆ ಗುಳಿಗೆ ನುಂಗಿದ ಕೆಲವರಿಗೆ ಖಿನ್ನತೆ ಬಂದದ್ದು ಮಿದುಳಿನ ರಾಸಾಯನಿಕಗಳ ಹೊಸ ಅಧ್ಯಯನಕ್ಕೆ ಬಾಗಿಲು ತೆರೆಯಿತು. ಸಿದ್ಧಾಂತ ಹೇಳಿದ ಕಾರಣ ತಪ್ಪಿರಬಹುದು, ನಾಡವೈದ್ಯ ಕಂಡದ್ದರಲ್ಲಿ ಸತ್ಯ ಇರಬಹುದು. ಎರಡನ್ನೂ ಬೇರ್ಪಡಿಸುವುದು ಪರೀಕ್ಷೆ ಮಾತ್ರ.

ಹಾಗಾಗಿ ಹಳೆಯ ವೈದ್ಯದಲ್ಲಿ ಎಲ್ಲವೂ ಇತ್ತು ಎನ್ನುವವರ ಜೊತೆಯೂ, ಅದೆಲ್ಲ ಕಂತೆ ಎನ್ನುವವರ ಜೊತೆಯೂ ನನಗೆ ಜಗಳವಿದೆ. ಇಬ್ಬರೂ ಓದುವುದಿಲ್ಲ. ಚಿಂಚೋಳಿಯ ಕಾಡಿನಲ್ಲಿ ಔಷಧದ ಗಿಡಗಳು ಹೇರಳ. ಅವನ್ನು ಬಲ್ಲ ಹಿರಿಯರು ಹಳ್ಳಿಗಳಲ್ಲಿ, ತಾಂಡಾಗಳಲ್ಲಿ ಇನ್ನೂ ಇದ್ದಾರೆ. ಅವರ ತಿಳಿವಳಿಕೆಯನ್ನು ಅವರ ಒಪ್ಪಿಗೆ ಪಡೆದು, ಅವರ ಹೆಸರಿನಲ್ಲೇ ದಾಖಲಿಸಿ, ಪ್ರಯೋಗಾಲಯಕ್ಕೆ ಒಯ್ಯುವ ಕೆಲಸ ಅವರು ಇರುವಾಗಲೇ ಆಗಬೇಕು. ಇತ್ತ ವಾಡಿ, ಶಹಾಬಾದ, ಸೇಡಂ ಕಡೆ ಕಲ್ಲು ಕೊರೆಯುವ, ಅರೆಯುವ, ಪಾಲಿಶ್ ಮಾಡುವ ಕೆಲಸದವರ ಕೆಮ್ಮನ್ನು ‘ಕಫ ಕಟ್ಯಾದ’ ಎಂದು ಕಷಾಯ ಕುಡಿಸಿ ಮುಗಿಸುವುದು ಬೇಡ. ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಮಾಡುವ ಗಾಯ ಎಕ್ಸರೇಯಲ್ಲಿ ಕಾಣುತ್ತದೆ, ನಾಡಿಯಲ್ಲಿ ಕಾಣುವುದಿಲ್ಲ. ರೋಗಿಯನ್ನು ‘ಏನು ತಿಂದೆ’ ಎಂದು ಕೇಳಿದ ಹಳೆಯ ವೈದ್ಯನ ಪ್ರಶ್ನೆಯ ಜೊತೆಗೆ ‘ಏನು ಕೆಲಸ ಮಾಡುತ್ತಿ’ ಎಂಬ ಪ್ರಶ್ನೆಯೂ ಸೇರಲಿ.

ಮಳಖೇಡದಲ್ಲಿ ಉತ್ಸವ ನಡೆದಾಗ ಹಾಡು, ಕುಣಿತ, ಭಾಷಣಗಳ ಜೊತೆಗೆ ಒಂದು ದಿನವನ್ನು ಉಗ್ರಾದಿತ್ಯರ ಹೆಸರಿನಲ್ಲಿ ವಾದಕ್ಕೆ ಮೀಸಲಿಡಿ. ಕಲಬುರಗಿಯ ಆಯುರ್ವೇದ, ಯುನಾನಿ, ಅಲೋಪತಿ ಕಾಲೇಜುಗಳ ವಿದ್ಯಾರ್ಥಿಗಳು ಒಂದೇ ವೇದಿಕೆಗೆ ಬರಲಿ. ಹಿತಾಹಿತಾಧ್ಯಾಯವನ್ನು ಕನ್ನಡದಲ್ಲಿ ಓದಿ, ಇಂದಿನ ಆಹಾರ ವಿಜ್ಞಾನದ ಸಾಕ್ಷ್ಯ ಇಟ್ಟು, ಕುಪೋಷಣೆಯ ಮಗುವಿಗೆ ಮೊಟ್ಟೆ ಕೊಡಬೇಕೋ ಬೇಡವೋ ಎಂಬ ಪ್ರಶ್ನೆಯನ್ನೂ ಅಲ್ಲಿ ಎತ್ತಲಿ. ಸೋತವರ ವಾದವನ್ನೂ ಹೆಸರಿನೊಡನೆ ಅಚ್ಚುಹಾಕಲಿ.